ಬಶೀರ್ ಮಾಮು ರಷ್ಯಾದಲ್ಲಿ ಕಲಿತದ್ದು

ಪಿನಾಂಗಿನ ವಿಮಾನ ನಿಲ್ದಾಣದ ಹತ್ತಿರ, ಬಯಾನ್ ಲೆಪಾಸಿನಲ್ಲಿದ್ದ ನಮ್ಮ ಮನೆಯಲ್ಲಿ ಅಡುಗೆಮನೆಯ ಹಿಂದಕ್ಕೆ ಒಂದು ಸಣ್ಣ ಕೋಣೆಯಿತ್ತು. ಮನೆಗೆಲಸದವಳು ಇರಲೆಂದು ಕಟ್ಟಿದ್ದು. ನಮಗೆ ಕೆಲಸದವಳಿರಲಿಲ್ಲ, ಹಾಗಾಗಿ ಅಕ್ಕಿಚೀಲ, ಇಸ್ತ್ರಿ ಮೇಜು, ಊರಿನಿಂದ ತಂದ ಹಾಸಿಗೆಯ ಸುರುಳಿ ಎಲ್ಲ ಅಲ್ಲಿದ್ದವು. ಅದರ ಕಿಟಕಿ ತೆರೆದರೆ ನಮ್ಮ ಬಟ್ಟೆ ಒಣಹಾಕುವ ಜಾಗ, ಅದರಾಚೆ ಪಕ್ಕದ ಮನೆಯ ತಮಿಳರ ಬಟ್ಟೆ ಒಣಹಾಕುವ ಜಾಗ. ವಿಮಾನ ಇಳಿಯುವಾಗ ಮನೆಯಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಅದು ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ನನಗೆ ಒಂಬತ್ತು ವರ್ಷವಿದ್ದಾಗ ಒಂದು ದಿನ ಅಮ್ಮಿ ಆ ಅಕ್ಕಿಚೀಲವನ್ನು ಹಾಲಿನ ಮೂಲೆಗೆ ಎಳೆದು ತಂದಳು, ಕೋಣೆಯ ನೆಲ ಒರೆಸಿದಳು, ಹಾಸಿಗೆ ಬಿಡಿಸಿ ಹಾಕಿದಳು. ಅವಳ ಅಣ್ಣ ಬಶೀರ್ ಮಾಮು ಬರುವವರಿದ್ದರು. ಒಂದು ತಿಂಗಳ ಮಟ್ಟಿಗೆ ಎಂದು ಅಬ್ಬಾಗೆ ಹೇಳಿದ್ದಳು. ಮಾಮು ಮೂರು ವರ್ಷದ ಹತ್ತಿರ ಇದ್ದರು.

ಮಾಮು ರಷ್ಯಾದಲ್ಲಿ ನಾಟಕ ನಿರ್ದೇಶನ ಕಲಿತವರು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ವಿದ್ಯಾರ್ಥಿವೇತನ ಸಿಕ್ಕು ಮಾಸ್ಕೋಗೆ ಹೋದರು. ಓದು ಮುಗಿಯುವಷ್ಟರಲ್ಲಿ ಆ ದೇಶವೇ ಇಲ್ಲವಾಗಿತ್ತು. ತಮ್ಮನ್ನು ಕರೆಸಿಕೊಂಡದ್ದು ಒಂದು ದೇಶ, ಕಳಿಸಿಕೊಟ್ಟದ್ದು ಇನ್ನೊಂದು ದೇಶ ಎಂದು ಹೇಳಿ ನಗುತ್ತಿದ್ದರು. ಊರಿನಲ್ಲಿ ಆ ಪದವಿಯನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಡೆಗೆ ನಾವಿದ್ದ ದೇಶದಲ್ಲೇ ನಿಲಾಯ್ ಎಂಬ ಊರಿನ ಒಂದು ಖಾಸಗಿ ಕಾಲೇಜು ಕಲೆಯ ಇತಿಹಾಸ ಕಲಿಸಲೆಂದು ಒಪ್ಪಂದದ ಮೇಲೆ ಕರೆಸಿಕೊಂಡಿತು; ಆ ವಿಷಯಕ್ಕೆ ಮಕ್ಕಳು ಸೇರಲಿಲ್ಲವೆಂದು ಅದೂ ಮುಗಿಯಿತು. ನಮ್ಮ ಮನೆಗೆ ಬಂದಾಗ ಅವರಿಗೆ ಕೆಲಸವೂ ಇರಲಿಲ್ಲ, ಕೆಲಸದ ಪರ್ಮಿಟ್ಟೂ ಇರಲಿಲ್ಲ. ಪ್ರವಾಸಿಗರ ಪಾಸು ಮುಗಿಯುವ ಹೊತ್ತಿಗೆ ವ್ಯಾನ್ ಹತ್ತಿ ಥಾಯ್ ಗಡಿ ದಾಟುವರು, ಆಚೆಯ ಊರಿನಲ್ಲಿ ಒಂದೆರಡು ದಿನ ಇರುವರು, ಪಾಸ್‌ಪೋರ್ಟಿಗೆ ಹೊಸ ಮುದ್ರೆ ಒತ್ತಿಸಿಕೊಂಡು ವಾಪಸ್ ಬರುವರು. ಬರುವಾಗ ನನಗೆ ಒಣಗಿಸಿದ ಮಾವಿನಹಣ್ಣು ತರುವರು. ನನಗೆ ಅದು ಪ್ರವಾಸದಂತೆಯೇ ಕಾಣುತ್ತಿತ್ತು. ಆದರೆ ಅಮ್ಮಿ ಅವರು ಬಾಗಿಲಲ್ಲಿ ಕಾಣಿಸುವವರೆಗೆ ಸರಿಯಾಗಿ ಉಣ್ಣುತ್ತಿರಲಿಲ್ಲ. ಫೋನ್ ಬಳಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು; ಒಂದು ವಾರಕ್ಕಾಗುವಷ್ಟು ಬಿಡಿಸಿಬಿಡುತ್ತಿದ್ದಳು.

ಅಬ್ಬಾ ತುಮಕೂರಿನ ಕಡೆಯವರು, ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ದಿನವಿಡೀ ಮೈಮುಚ್ಚುವ ಬಿಳಿ ಬಟ್ಟೆ ತೊಟ್ಟು, ಧೂಳಿನ ಒಂದು ಕಣವೂ ಬೀಳದಂತೆ ನೋಡಿಕೊಳ್ಳುವ ಕೆಲಸ. ಮನೆಗೆ ಬಂದರೆ ನಮಾಜು, ಊಟ, ಸುದ್ದಿ. ಮಾಮು ಬಂದ ಮೇಲೆ ಊಟದ ಮೇಜಿಗೆ ರಷ್ಯಾವೂ ಬಂದು ಕೂತಿತು. ಅಮ್ಮಿ ಹಿಟ್ಟು ಸಿಕ್ಕಾಗ ಜೋಳದ ರೊಟ್ಟಿ ಮಾಡುತ್ತಿದ್ದಳು. ಹಿಟ್ಟು ಹಳತಾಗಿರುತ್ತಿತ್ತು, ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು. ಆ ಒಡಕು ತುಂಡುಗಳನ್ನು ಎಣ್ಣೆಗಾಯಿಯಲ್ಲಿ ಅದ್ದುತ್ತ ಮಾಮು ಕ್ರಾಂತಿಯಾದ ಮೊದಲ ಚಳಿಗಾಲದ ಕತೆ ಶುರು ಮಾಡುವರು, ಅಬ್ಬಾ ತಟ್ಟೆಯಿಂದ ತಲೆಯೆತ್ತುವರು.

"ಅವರು ಮಸೀದಿಗೆ ಬೀಗ ಹಾಕಿದವರು, ಭಾಯ್‌ಸಾಬ್. ಊಟದ ಹೊತ್ತಲ್ಲಿ ಅವರ ಸುದ್ದಿ ಯಾಕೆ?"

"ಹಾಕಿದ್ರು. ನಾಟಕದ ಮನೀಗೂ ಹಾಕಿದ್ರು. ಆದ್ರ ಬಡವರಿಗೆ ಅದರ ಬಾಗಲಾ ಮೊದಲ ತೆರದವರೂ ಅವರ. ನನಗ ತಿಳೀಲಾರದ್ದು ಅದ."

"ತಿಳಿಯೋದಕ್ಕೆ ಏನಿದೆ ಅದರಲ್ಲಿ. ಕೀಲಿಕೈ ಅವರ ಹತ್ರಾನೇ ಇತ್ತು, ಅಷ್ಟೇ."

ಮಾಮು ರೊಟ್ಟಿ ಮುರಿಯುವರು. ನನ್ನ ಕಡೆ ತಿರುಗಿ ಕತೆ ಮುಂದುವರಿಸುವರು, ಅಬ್ಬಾ ಅಲ್ಲಿಲ್ಲವೇನೋ ಎಂಬಂತೆ. ಆ ಚಳಿಗಾಲದಲ್ಲಿ ಕಲ್ಲಿದ್ದಲಿರಲಿಲ್ಲವಂತೆ. ಜನ ಕುರ್ಚಿ ಒಡೆದು, ಬಾಗಿಲು ಕಿತ್ತು ಉರಿಸಿದರಂತೆ. ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದ ಅದೇ ಜನ ಸಂಜೆ ನಾಟಕಕ್ಕೆ ಬಂದು ತುಂಬುತ್ತಿದ್ದರು. ಹುಟ್ಟಿದಾಗಿನಿಂದ ನಾಟಕವನ್ನೇ ನೋಡದ ಸೈನಿಕರು ಬಂದೂಕು ಕಾಲ ಸಂದಿಯಲ್ಲಿಟ್ಟುಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತ ಕೂರುತ್ತಿದ್ದರು. ನಟರು ಕೋಟು ತೊಟ್ಟೇ ಅಭಿನಯಿಸುತ್ತಿದ್ದರು, ಮಾತಾಡಿದರೆ ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಚಿತ್ರಗಾರರು ರೈಲುಡಬ್ಬಿಗಳ ಮೈಮೇಲೆ ಆಳೆತ್ತರದ ಚಿತ್ರ ಬರೆದು ಹಳ್ಳಿಹಳ್ಳಿಗೆ ಕಳಿಸುತ್ತಿದ್ದರು. ರಾಜಮನೆತನಕ್ಕೆಂದು ಮಾಡಿ ಉಳಿದಿದ್ದ ಬಿಳಿ ಪಿಂಗಾಣಿ ತಟ್ಟೆಗಳ ಮೇಲೆ ಕೂಲಿಯವರ ಘೋಷಣೆ ಬರೆದರು. ಇನ್ನುಮುಂದೆ ಮನುಷ್ಯ ಹೊಸಬನಾಗುತ್ತಾನೆಂದು ಅವರು ನಿಜವಾಗಿ ನಂಬಿದ್ದರು ಎಂದು ಮಾಮು ಹೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು. ನಾನು ಆ ಕಾಲಕ್ಕೆ ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದೆ, ಆಡುತ್ತಿರಲಿಲ್ಲ.

"ದೆನ್ ವೈ ದೇ ಸ್ಟಾಪ್, ಮಾಮು?"

"ಯಾರೋ ಬಂದು ಕೇಳಿದ್ರವ್ವಾ, ಇದು ಯಾರಿಗೆ ತಿಳೀತೈತಿ, ಇದರಿಂದ ಏನ ಉಪಯೋಗ ಅಂತ. ಮೊದಲ ಸಮಾಧಾನಲೆ ಕೇಳಿದ್ರು."

ಆಮೇಲಿನದನ್ನು ಅವರು ತುಂಡುತುಂಡಾಗಿ ಹೇಳುತ್ತಿದ್ದರು. ಚಿತ್ರಗಾರನಿಗೂ ಗೋಡೆಗೂ ನಡುವೆ ಒಂದು ಕಚೇರಿ ಬಂದು ನಿಂತಿತು. ನಗುವ ರೈತ, ನಗುವ ಕಾರ್ಮಿಕ, ತುಂಬಿದ ಗೋಧಿಹೊಲ, ಇಷ್ಟೇ ಚಿತ್ರವೆಂದಾಯಿತು. ಕವಿಗಳಲ್ಲಿ ಕೆಲವರು ಸುಮ್ಮನಾದರು, ಕೆಲವರು ಸತ್ತರು, ಉಳಿದವರು ಕೇಳಿದ್ದನ್ನು ಬರೆದುಕೊಟ್ಟರು. ಒಬ್ಬ ನಿರ್ದೇಶಕರ ಸಂಗತಿಯನ್ನಂತೂ ಮಾಮು ಮತ್ತೆಮತ್ತೆ ಹೇಳುತ್ತಿದ್ದರು. ಅವರ ಹೆಸರು ಹಿಡಿಯದೆ "ಮಾಸ್ತರು" ಎನ್ನುತ್ತಿದ್ದರು, ತಾವೇ ಅವರ ಕೈಯಲ್ಲಿ ಕಲಿತವರ ಹಾಗೆ. ಮಾಸ್ತರು ತಮ್ಮ ರಂಗಮಂದಿರವನ್ನೇ ಕ್ರಾಂತಿಗೆ ಒಪ್ಪಿಸಿದವರು. ಪರದೆ ಕಿತ್ತೆಸೆದು, ಬರಿಯ ಮರದ ಅಟ್ಟಣೆ ಮತ್ತು ಏಣಿಗಳ ಮೇಲೆ ನಟರನ್ನು ಹತ್ತಿಸಿ ಇಳಿಸಿ, ದೇಹವನ್ನೇ ಮಾತನಾಡಿಸಿದವರು. ಅದೇ ಕ್ರಾಂತಿಯ ಸರ್ಕಾರ ಅವರ ಮಂದಿರ ಮುಚ್ಚಿತು, ಅವರನ್ನು ಹಿಡಿದುಕೊಂಡು ಹೋಯಿತು, ಮತ್ತೆ ಅವರು ಬರಲಿಲ್ಲ. ಹೆಂಡತಿ ನಟಿ. ಅವಳನ್ನು ಯಾರೋ ಮನೆಯೊಳಗೇ ಕೊಂದರು.

ಪಿನಾಂಗಿನಲ್ಲಿದ್ದ ನಮ್ಮವರದ್ದೊಂದು ಕನ್ನಡ ಕೂಟವಿತ್ತು. ವರ್ಷಕ್ಕೊಮ್ಮೆ ಒಂದು ಸಭಾಂಗಣ ಹಿಡಿದು ಹಾಡು, ಮಕ್ಕಳ ಕುಣಿತ, ಊಟ. ಅದರ ಕಾರ್ಯದರ್ಶಿ ಪ್ರಭಾಕರ್ ಅಂಕಲ್, ಅಬ್ಬಾನ ಕಾರ್ಖಾನೆಯಲ್ಲೇ ಮ್ಯಾನೇಜರ್. ನಾವು ಹೊಸದಾಗಿ ಬಂದಾಗ ತಮ್ಮ ಮನೆಯ ಗ್ಯಾಸ್ ಒಲೆಯನ್ನೇ ತಂದುಕೊಟ್ಟಿದ್ದವರು. ಈ ವರ್ಷ ನಿಮ್ಮ ಭಾವಮೈದುನರಿಂದ ಒಂದು ನಾಟಕ ಮಾಡಿಸಿ ಎಂದು ಅಬ್ಬಾಗೆ ಕೇಳಿದ್ದು ಅವರೇ. ಮಾಮು ಆ ಸಂಜೆಯೇ ಬರೆಯಲು ಕೂತರು. ಮಾಸ್ತರು ಮತ್ತು ಅವರ ಹೆಂಡತಿಯ ನಾಟಕ. ಮಾಸ್ತರು ತಾವೇ. ಹೆಂಡತಿಯ ಪಾತ್ರಕ್ಕೆ ಕೂಟದಲ್ಲಿ ಯಾರನ್ನು ಕೇಳಿದರೂ ಮುಖ ಸಪ್ಪಗೆ ಮಾಡಿದರು.

"ನಾ ಮಾಡ್ತೀನಿ," ಎಂದಳು ಅಮ್ಮಿ, ಅನ್ನ ಬಸಿಯುತ್ತ.

ಅಬ್ಬಾ ಅವಳನ್ನು ನೋಡಿದರು. ಮದುವೆಗೆ ಮುಂಚೆ ಅವಳು ಧಾರವಾಡದಲ್ಲಿ ಅಣ್ಣನ ನಾಟಕಗಳಲ್ಲಿ ನಟಿಸುತ್ತಿದ್ದಳೆಂಬುದು ನನಗೆ ಗೊತ್ತಾದದ್ದು ಆಗಲೇ. ಅಬ್ಬಾಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅವರು ಬೇಡವೆನ್ನಲಿಲ್ಲ. ಎರಡು ದಿನ ಬಿಟ್ಟು ಕಾರ್ಖಾನೆಯಲ್ಲಿ ಎಸೆಯಲು ಇಟ್ಟಿದ್ದ ಮರದ ಚೌಕಟ್ಟುಗಳನ್ನು, ಯಂತ್ರಗಳನ್ನು ಇಳಿಸುವಾಗ ಅಡಿಗೆ ಇಡುವಂಥವನ್ನು, ಗೆಳೆಯನೊಬ್ಬನ ಲಾರಿಯಲ್ಲಿ ಹೇರಿಸಿ ತಂದರು. ಮೊಳೆ ಎಲ್ಲೆಲ್ಲಿ ಎದ್ದಿದೆಯೋ ನೋಡಿ ತಾವೇ ಬಡಿದರು. ಸೋಫಾ ಗೋಡೆಗೆ ಸರಿಯಿತು, ನಮ್ಮ ಹಾಲಿನಲ್ಲಿ ಅಟ್ಟಣೆ ಎದ್ದಿತು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಅಡುಗೆ ಕಡಿಮೆ. ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಅಬ್ಬಾ ಪರೋಟದಂಥ ರೊಟ್ಟಿ ಚನೈಯನ್ನು ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ ತರುವರು. ಅಟ್ಟಣೆಯ ಮೇಲೆ ಕಾಲು ಇಳಿಬಿಟ್ಟು ಎಲ್ಲರೂ ತಿನ್ನುವೆವು. ನಮ್ಮ ಮನೆಯಲ್ಲಿ ನಾನು ಕಂಡ ಅತಿ ಸುಖದ ದಿನಗಳು ಅವೇ. ಅದಕ್ಕೇ ಅವನ್ನು ನೆನೆಯಲು ನನಗೆ ಕಷ್ಟ.

ಮಾಮು ಅಮ್ಮಿಗೆ ಬೀಳುವುದನ್ನು ಕಲಿಸಿದರು. ನೋವಾಗದಂತೆ ಬೀಳುವುದು ಮೊದಲು, ನೋಡುವವರಿಗೆ ನೋವಾಗುವಂತೆ ಬೀಳುವುದು ಆಮೇಲೆ. ಚೂಡಿದಾರದ ಮೇಲೆ ದುಪ್ಪಟ್ಟಾ ಬಿಗಿದು ಸೊಂಟಕ್ಕೆ ಕಟ್ಟಿ ಅವಳು ಅಟ್ಟಣೆಯಿಂದ ಮತ್ತೆ ಮತ್ತೆ ಉರುಳುತ್ತಿದ್ದಳು, ಎದ್ದು ಬೆವರು ಒರೆಸಿಕೊಂಡು "ಇನ್ನೊಮ್ಮೆ" ಎನ್ನುತ್ತಿದ್ದಳು. ಗಂಡನನ್ನು ಹಿಡಿದೊಯ್ದ ಮೇಲೆ ಖಾಲಿ ಮಂದಿರದಲ್ಲಿ ಒಬ್ಬಳೇ ನಿಂತು ಅವಳು ಆಡುವ ಮಾತು ನಾಟಕದ ಕೊನೆಯ ದೃಶ್ಯ. ಅದನ್ನು ಮೊದಲ ಬಾರಿ ಆಡಿದಾಗ ವಿಮಾನವೊಂದು ಇಳಿಯುತ್ತಿತ್ತು. ಅವಳು ನಿಲ್ಲಿಸಲಿಲ್ಲ. ನಮಗೆ ಒಂದು ಶಬ್ದವೂ ಕೇಳಲಿಲ್ಲ, ಬಾಯಿ ಅಲ್ಲಾಡುವುದಷ್ಟೇ ಕಂಡಿತು. ಆದರೂ ಅಬ್ಬಾ ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ನನ್ನ ತಾಯಿ ಅಡುಗೆ ಮಾಡುವವಳು, ನನ್ನ ಜಡೆ ಹೆಣೆಯುವವಳು, ಸೂಪರ್‌ಮಾರ್ಕೆಟ್ಟಿನಲ್ಲಿ ಇಂಗ್ಲಿಷ್ ಆಡಲು ನಾಚುವವಳು. ಅವಳೊಳಗೆ ಇಂಥದೊಂದು ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ಹಸ್ತಪ್ರತಿ ಓದಿದ ಪ್ರಭಾಕರ್ ಅಂಕಲ್ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. ಅಟ್ಟಣೆಯನ್ನು ಸುತ್ತ ನೋಡಿದರು, ಬಹಳ ಮೆಚ್ಚಿದರು.

"ತುಂಬಾ ಚೆನ್ನಾಗಿದೆ ಬಶೀರ್ ಅವರೇ. ಒಂದೇ ಒಂದು ಸಣ್ಣ ವಿಷಯ. ಆ ಕೆಂಪು ಬಾವುಟ ಬೇಡ."

"ಬಾವುಟ ಇಲ್ದ ಕ್ರಾಂತಿ ಹೆಂಗ ತೋರಸ್ಲಿರಿ?"

"ಇಲ್ಲಿನ ಹಿರಿಯರು ಕಮ್ಯುನಿಸ್ಟರ ದಂಗೆ ಕಾಲದಲ್ಲಿ ಆ ಬಾವುಟದ ಹೆಸರಲ್ಲಿ ಕಾಡಲ್ಲಿ ಹೆಣ ಬಿದ್ದಿದ್ದನ್ನ ನೋಡಿದವರು. ಹಾಲ್ ಕೊಡೋರು ಕೇಳ್ತಾರೆ. ನಾವೆಲ್ಲ ಪಾಸ್ ಮೇಲೆ ಇರೋ ಜನ, ಅಲ್ವಾ?"

"ಈ ನಾಟಕ ಅವರನ್ನ ಹೊಗಳೂದಿಲ್ಲರಿ. ಅವರ ಕೈಯಾಗ ಸತ್ತವರ ಕಥಿ ಇದು."

"ನಂಗೆ ಗೊತ್ತು. ನೋಡೋರಿಗೂ ಗೊತ್ತಾಗಬೇಕಲ್ಲ."

ಮಾಮು ಬಾವುಟ ತೆಗೆದರು. ಮುಂದಿನ ವಾರ ಅಂಕಲ್ ಮತ್ತೆ ಬಂದರು, ಮತ್ತೆ ಸಿಹಿ. ಮಾಸ್ತರನ್ನು ಹಿಡಿಯಲು ಬರುವವರು ಸಮವಸ್ತ್ರದಲ್ಲಿರುವುದು ಬೇಡ. ಯಾವ ದೇಶದ ಪೊಲೀಸರೆಂದು ಯಾರಾದರೂ ಕೇಳಿದರೆ ತೊಂದರೆ. ಸಮವಸ್ತ್ರ ಹೋಯಿತು. ಬಳಿಕ ಬಂಧನವೇ ಹೋಯಿತು. ಹೆಂಗಸನ್ನು ಕೊಲ್ಲುವುದು ಬೇಡ, ಮಕ್ಕಳು ಕೂತಿರುತ್ತಾರೆ. ಸರಿ, ಅದೂ ಹೋಯಿತು. ಅವರು ಒಂದು ಬಾರಿಯೂ ದನಿ ಎತ್ತಲಿಲ್ಲ, ಅಪ್ಪಣೆ ಮಾಡಲಿಲ್ಲ. ಪ್ರತಿಸಲವೂ ಅವರು ಕೇಳಿದ್ದು ನ್ಯಾಯವಾದದ್ದೆಂದೇ ತೋರುತ್ತಿತ್ತು. ಮಾಮು ಪೆನ್ಸಿಲ್ ಹಿಡಿದು ಗೀಟು ಎಳೆಯುತ್ತಿದ್ದರು. ಒಂದು ಸಂಜೆ ಹಿಂದುಮುಂದು ನೋಡುತ್ತಿದ್ದಾಗ ಅಬ್ಬಾನೇ ಮಾತು ತೆಗೆದರು.

"ತೆಗೆದುಬಿಡಿ ಭಾಯ್‌ಸಾಬ್. ಈ ವರ್ಷ ನನ್ನ ಪರ್ಮಿಟ್ ರಿನ್ಯೂ ಆಗಬೇಕು. ನಿಮ್ಮದಂತೂ..."

ಅವತ್ತು ಮಾಮು ತೆಗೆದದ್ದು ಅಮ್ಮಿಯ ಕೊನೆಯ ದೃಶ್ಯ. ಗಂಡನ ಬಂಧನವಿಲ್ಲವೆಂದ ಮೇಲೆ ಅವಳು ಖಾಲಿ ಮಂದಿರದಲ್ಲಿ ನಿಂತು ಅಳುವುದೇತಕ್ಕೆ? ನಾನು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ಅಮ್ಮಿ ಅಣ್ಣನ ಬೆನ್ನ ಹಿಂದೆ ನಿಂತು ಕೇಳಿದಳು:

"ಭಾಯಿ, ನೀ ಯಾಕ ಎಲ್ಲಾದಕ್ಕೂ ಹೂಂ ಅನ್ನಾಕತ್ತಿ?"

"ಸ್ವಲ್ಪಾದ್ರೂ ಉಳೀಲಿ ಅಂತ."

"ಮಾಸ್ತರೂ ಹಂಗ ಅಂದಿರಬೇಕು."

ಮಾಮು ಪೆನ್ಸಿಲ್ ಕೆಳಗಿಟ್ಟರು. ತಂಗಿಯನ್ನು ನೋಡಲಿಲ್ಲ. ಎದ್ದು ಆ ಸಣ್ಣ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಮಾರನೆಯ ದಿನ ಎದ್ದವರು ಹೊಸ ಹುರುಪಿನಲ್ಲಿದ್ದರು, ನಗುತ್ತಿದ್ದರು. ನಾಟಕವೇ ಬೇಡ, ಮಕ್ಕಳಿಂದ ರೈಲಿನ ಕುಣಿತ ಮಾಡಿಸುತ್ತೇನೆ ಎಂದರು. ಬಣ್ಣದ ರೈಲು, ಊರೂರಿಗೆ ಚಿತ್ರ ಹೊತ್ತು ಹೋಗುವ ರೈಲು, ಯಾರಿಗೂ ತೊಂದರೆಯಿಲ್ಲ. ಪ್ರಭಾಕರ್ ಅಂಕಲ್ ಫೋನಿನಲ್ಲೇ ಖುಷಿಪಟ್ಟರು. ಅಟ್ಟಣೆ ಬಿಚ್ಚಿ ಕೆಳಗೆ ಕಸದ ಬಳಿ ಇಟ್ಟೆವು. ಕೂಟದ ಮಕ್ಕಳೆಲ್ಲ ನಮ್ಮ ಮನೆಗೆ ಬಂದರು, ಎಲ್ಲರೂ ಸೇರಿ ರಟ್ಟಿನ ಡಬ್ಬಿಗಳಿಗೆ ಬಣ್ಣ ಹಚ್ಚಿದೆವು. ಮಾಮು ನಗುವ ರೈತನನ್ನು ಬರೆದರು, ತೆನೆ ಹಿಡಿದ ನಗುವ ಹೆಂಗಸನ್ನು ಬರೆದರು. ಅವರ ಕೈ ಬಹಳ ಚೊಕ್ಕಟವಾಗಿತ್ತು.

ಆ ದಿನ ನಾನು ಎಂಜಿನ್. ನನ್ನ ಹಿಂದೆ ಉಳಿದ ಮಕ್ಕಳು ಸೊಂಟ ಹಿಡಿದು ವೇದಿಕೆಯ ಮೇಲೆ ಸುತ್ತಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಮತ್ತೊಮ್ಮೆ ಮಾಡಿ ಎಂದರು, ಮಾಡಿದೆವು. ಪ್ರಭಾಕರ್ ಅಂಕಲ್ ಮಾಮುಗೆ ಶಾಲು ಹೊದಿಸಿ, ಮಕ್ಕಳಿಂದ ಇಂಥ ಕೆಲಸ ತೆಗೆಯುವವರು ನಮ್ಮಲ್ಲಿರುವುದು ನಮ್ಮ ಭಾಗ್ಯ ಎಂದರು; ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಮಾಮು ಬಾಗಿ ಎಲ್ಲರಿಗೂ ಕೈಮುಗಿದರು. ನಾನು ಬಹಳ ಹೆಮ್ಮೆಯಿಂದ ಅಮ್ಮಿಯನ್ನು ಹುಡುಕಿದೆ. ಅವಳು ಸಭಾಂಗಣದ ಹಿಂದುಗಡೆ ಊಟದ ಮೇಜಿನ ಬಳಿ ಬಿರಿಯಾನಿಯ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ವೇದಿಕೆಗೆ ಬೆನ್ನು ಮಾಡಿ ನಿಂತಿದ್ದಳು.

ಅದಾದ ಮೇಲೆ ನಮ್ಮ ಊಟದ ಮೇಜಿನಲ್ಲಿ ಜಗಳವಾಗಲಿಲ್ಲ. ಅಬ್ಬಾ ಒಂದೆರಡು ಬಾರಿ ತಾವಾಗಿಯೇ ರಷ್ಯಾದ ಮಾತು ಎತ್ತಿದರು, ಮಾಮುವನ್ನು ಮಾತಿಗೆಳೆಯಲೆಂದು. ಮಾಮು ಸಾರು ಕೇಳಿ ಬಡಿಸಿಕೊಂಡರು. ರೈಲಿನ ಕತೆ ಹೇಳಿ ಎಂದು ನಾನು ಕಾಡಿದಾಗ ಸಿಟ್ಟೇನೂ ಮಾಡಲಿಲ್ಲ.

"ಹೇಳಿ ಆತಲ್ಲವ್ವಾ. ಎಲ್ಲಾರೂ ನೋಡಿದ್ರು."

ನಾಲ್ಕೈದು ತಿಂಗಳಾಗಿರಬೇಕು, ಮುದ್ರೆ ಒತ್ತಿಸಲು ಹೋದ ಮಾಮುವನ್ನು ಗಡಿಯಲ್ಲಿ ಒಳಗೆ ಬಿಡಲಿಲ್ಲ. ಇಷ್ಟು ಸಲ ಬಂದುಹೋದವನು ಪ್ರವಾಸಿಯಲ್ಲ ಎಂದರಂತೆ. ಅದು ತಪ್ಪಲ್ಲವಲ್ಲ ಎಂದು ಮಾಮು ಆಚೆಯಿಂದ ಫೋನಿನಲ್ಲಿ ಹೇಳಿದರು. ಅಮ್ಮಿ ಅವರ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿದಳು. ಅಬ್ಬಾ ರಜೆ ಹಾಕಿ ನಮ್ಮನ್ನು ಕಾರಿನಲ್ಲಿ ಗಡಿಯವರೆಗೆ ಕರೆದುಕೊಂಡು ಹೋದರು, ನಮ್ಮಿಬ್ಬರನ್ನು ಕಾರಿನಲ್ಲೇ ಬಿಟ್ಟು ಪೆಟ್ಟಿಗೆ ಎಳೆದುಕೊಂಡು ಆಚೆ ನಡೆದರು. ಸಾಲು ಉದ್ದವಿತ್ತು. ಬಿಸಿಲಿಗೆ ಕಾರು ಕಾಯುತ್ತಿತ್ತು. ಅಣ್ಣನನ್ನು ದೂರದಿಂದಲಾದರೂ ನೋಡಬಹುದೆಂದು ಅಮ್ಮಿ ಕತ್ತು ಉದ್ದ ಮಾಡಿ ನೋಡುತ್ತಿದ್ದಳು, ಕಂಡದ್ದು ಲಾರಿಗಳ ಹಿಂಭಾಗ ಮಾತ್ರ. ವಾಪಸ್ ಬಂದ ಅಬ್ಬಾ ಸೀಟಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.

"ಚೆನ್ನಾಗಿದಾರೆ," ಎಂದರು. "ನಿನಗೆ ಸಲಾಂ ಹೇಳು ಅಂದ್ರು."

ಮನೆಗೆ ಬಂದು ಅಮ್ಮಿ ಅಕ್ಕಿಚೀಲವನ್ನು ಮತ್ತೆ ಆ ಕೋಣೆಗೆ ಎಳೆದಿಟ್ಟಳು. ಅಬ್ಬಾನ ಪರ್ಮಿಟ್ ರಿನ್ಯೂ ಆಯಿತು. ನಮ್ಮ ಮನೆ ಮೊದಲಿನಂತೆಯೇ ನಡೆಯಿತು. ನಡೆದದ್ದೇ ನನಗೆ ವಿಚಿತ್ರವೆನಿಸಿತು. ಯಾರೂ ಯಾರನ್ನೂ ದೂರಲಿಲ್ಲ. ದೂರಲು ಒಬ್ಬ ಕೆಟ್ಟವನಾದರೂ ಬೇಕಲ್ಲ, ಅಂಥವನು ನಮ್ಮ ಕತೆಯಲ್ಲಿರಲಿಲ್ಲ. ಇಂದಿಗೂ ಯಾರಾದರೂ ನನ್ನ ಕೆಲಸವನ್ನು ಮೆಚ್ಚಿ "ಒಂದೇ ಒಂದು ಸಣ್ಣ ವಿಷಯ" ಎಂದರೆ ಅವರ ಕೈಯಲ್ಲಿ ಸಿಹಿಯ ಡಬ್ಬಿ ಇದೆಯೇ ಎಂದು ನೋಡುತ್ತೇನೆ. ನಾನು ಹಲ್ಲಿನ ಡಾಕ್ಟರಾದೆ. ಯಾರ ಒಪ್ಪಿಗೆಗೂ ಕಾಯಬೇಕಿಲ್ಲದ ಕೆಲಸವನ್ನು ಹುಡುಕಿಕೊಂಡೆನೆಂದು ಕಾಣುತ್ತದೆ. ರಾಜಧಾನಿಯ ಬಾಂಗ್ಸಾರ್ ಬಡಾವಣೆಯಲ್ಲಿ ಗೆಳೆಯರು ನಾಟಕಕ್ಕೆ ಕರೆದರೆ ಏನಾದರೊಂದು ನೆಪ ಹೇಳುತ್ತೇನೆ.

ಅಬ್ಬಾ ತೀರಿಕೊಂಡ ಮರುವರ್ಷ ಅಮ್ಮಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಮಾಮು ಅಲ್ಲಿ ಒಂದು ಮದುವೆ ಮಂಟಪ ನೋಡಿಕೊಂಡಿದ್ದರು. ಮದುವೆಯಾಗಿರಲಿಲ್ಲ, ಮಂಟಪದ ಹಿಂದೆಯೇ ಇರುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುರ್ಚಿ ಜೋಡಿಸುತ್ತಿದ್ದವರಿಗೆ ಏನೋ ಹೇಳುತ್ತ ನಿಂತಿದ್ದವರು ನಮ್ಮನ್ನು ನೋಡಿ ಓಡಿಬಂದರು, ತಂಗಿಯ ತಲೆ ಸವರಿದರು, ನನ್ನನ್ನು ಗುರುತಿಸಲಾರದೆ ನಕ್ಕರು. ಮಂಟಪದ ಮಾಲೀಕರು ಒಳ್ಳೆಯ ಮನುಷ್ಯ. ತಮ್ಮ ಕೋಣೆಯಲ್ಲೇ ಕೂರಿಸಿ ಚಹ, ಮಿರ್ಚಿ ತರಿಸಿದರು.

"ನಮ್ಮ ಬಶೀರ್ ಸಾಹೇಬ್ರು ಸಾಮಾನ್ಯ ಮಂದಿ ಅಲ್ರಿ," ಎಂದರು ನನ್ನ ಕಡೆ ತಿರುಗಿ. "ರಷ್ಯಾಕ ಹೋಗಿ ಟ್ರ್ಯಾಕ್ಟರ್ ಇಂಜಿನಿಯರಿಂಗ್ ಕಲ್ತು ಬಂದವ್ರು. ನಮ್ಮ ಜನರೇಟರ್ ಕೆಟ್ರ ಅವರ ನೋಡ್ತಾರ."

ನಾನು ಮಾಮುವಿನ ಮುಖ ನೋಡಿದೆ. ಅವರು ಕಪ್ಪಿನೊಳಗೆ ನೋಡುತ್ತಿದ್ದರು.

"ಹೌದ್ರಿ, ಟ್ರ್ಯಾಕ್ಟರ್," ಎಂದರು. "ಭಾಳ ವರ್ಷ ಆತು. ಈಗೆಲ್ಲಾ ಮರತೈತಿ."

ಅಮ್ಮಿ ಮಿರ್ಚಿ ಚೆನ್ನಾಗಿದೆ ಎಂದಳು, ಇನ್ನೊಂದು ತೆಗೆದುಕೊಂಡಳು. ಹೊರಡುವಾಗ ಅಣ್ಣ ತಂಗಿ ಮೊಣಕಾಲು ನೋವಿನ ಮಾತಾಡಿದರು, ಯಾವ ಎಣ್ಣೆ ಹಚ್ಚಬೇಕೆಂದು ಮಾತಾಡಿದರು. ಆಟೋದಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. ಮಾಮು ಯಾಕೆ ಹಾಗೆ ಸುಳ್ಳು ಹೇಳಿಕೊಂಡಿದ್ದಾರೆ, ನೀನಾದರೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅಮ್ಮಿ ಸೆರಗನ್ನು ಮೂಗಿಗೆ ಹಿಡಿದುಕೊಂಡಿದ್ದಳು, ರಸ್ತೆಯಲ್ಲಿ ಧೂಳಿತ್ತು. ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ ಅವಳು ಸೆರಗು ಸರಿಸಿದಳು.

"ಇರ್ಲಿ ಬಿಡವಾ," ಎಂದಳು. "ಟ್ರ್ಯಾಕ್ಟರ್ ಅಂದ್ರ ಯಾರೂ ಅದರಾಗಿಂದ ಏನೂ ತಗೀ ಅನ್ನೂದಿಲ್ಲ."